ಅಟ್ಟದಲ್ಲಿ ವಾಸ

ಕಲಬುರ್ಗಿ, ಬೀದರ, ರಾಯಚೂರುಗಳಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿದ ಕುಟುಂಬಗಳಲ್ಲಿ, ಮನೆ ಸಾಲದಾದಾಗ ಮೊದಲು ಕಣ್ಣು ಬೀಳುವುದು ತಾರಸಿಯ ಕೆಳಗಿನ ಅಟ್ಟದ ಮೇಲೆ. ಟ್ರಂಕುಗಳನ್ನಿಳಿಸಿ, ಓದುವ ಹುಡುಗನಿಗೆ ಅಲ್ಲಿ ಹಾಸಿಗೆ ಹಾಸುವುದು ಸುಲಭವೇನೋ ಸರಿ. ಆದರೆ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಲೆಕ್ಕದಲ್ಲಿ ಅಟ್ಟವೆಂಬುದು ಹೆಚ್ಚೆಂದರೆ 1.5 ಮೀಟರ್ ಎತ್ತರದ, ಸಾಮಾನಿಡುವ ತಾಣ. ವಾಸದ ಕೋಣೆಗೆ 2.75 ಮೀಟರ್ ಬೇಕು. ಇದು ಕೇವಲ ತಲೆ ತಾಗುವ ಮಾತಲ್ಲ. ಬೇಸಗೆಯಲ್ಲಿ ಇಲ್ಲಿಯ ತಾಪ 40 ಡಿಗ್ರಿ ದಾಟುವುದುಂಟು. ಹಗಲೆಲ್ಲ ಕಾದ ತಾರಸಿ ಇರುಳಿನಲ್ಲಿ ಆ ಶಾಖವನ್ನು ಕೆಳಕ್ಕೆ ಬಿಡುತ್ತದೆ. ಬೆವರು ಆರಲು ಗಾಳಿಯಾಡದಿದ್ದರೆ ದೇಹ ತಣಿಯದು. ವೃದ್ಧರಿಗೂ ಶಿಶುಗಳಿಗೂ ಪ್ರಾಣಾಪಾಯವೇ ಒದಗಬಹುದು. ಎದುರುಬದುರಾಗಿ ಕಿಟಕಿಗಳನ್ನು ತೆರೆಸಬೇಕು, ತಾರಸಿಗೆ ಸುಣ್ಣ ಬಳಿಸಬೇಕು. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಛಾವಣಿಯ ನೀತಿಯನ್ನು ಪ್ರಕಟಿಸಿದ್ದೂ ಈ ತಾಪದ ಕಾರಣದಿಂದಲೇ. ಎತ್ತರ ಸಾಲದಿದ್ದಲ್ಲಿ ಟ್ರಂಕುಗಳು ಮರಳಿ ಅಟ್ಟಕ್ಕೇರಲಿ. ಹುಡುಗ ಪಡಸಾಲೆಯಲ್ಲಿ ಮಲಗಲಿ.