ನಲವತ್ತೊಂಬತ್ತರಲ್ಲೂ ದುಡಿದ ಎಡಗೈ

ನೀರಿನ ಬಿಂದಿಗೆ ಎತ್ತುವಾಗ ಭುಜ ಚಳಕ್ ಎಂದರೆ ‘ವಯಸ್ಸಾಯಿತಲ್ಲ, ಇನ್ನೇನು’ ಎನ್ನುತ್ತೇವೆ. ಹದಿಮೂರರ ಮಗ ಮೈದಾನದಿಂದ ಬಂದು ಮೊಣಕೈ ನೋಯುತ್ತದೆ ಎಂದರೆ ‘ಬೆಳೆಯೋ ಹುಡುಗ, ನಾಳೆ ಸರಿಹೋಗುತ್ತೆ’ ಎನ್ನುತ್ತೇವೆ. ನಮ್ಮ ಮನೆಗಳಲ್ಲಿ ಇವೆರಡೂ ಮಾತು ದಿನವೂ ಕೇಳಿಬರುತ್ತವೆ. ಎರಡೂ ಎಷ್ಟೋ ಸಲ ತಪ್ಪು. ಅದು ಹೇಗೆಂದು ತಿಳಿಯಲು ಈ ವಾರ ಅಮೆರಿಕದ ಬೇಸ್‌ಬಾಲ್ ಆಟಗಾರರೊಬ್ಬರ ಕೈಯ ಕಥೆ ಕೇಳಿ.

2012ರ ಏಪ್ರಿಲ್ 17ರಂದು ಕೊಲರಾಡೋ ರಾಕೀಸ್ ತಂಡದ ಪರವಾಗಿ ಚೆಂಡೆಸೆದ ಜೇಮಿ ಮೋಯರ್, ಸ್ಯಾನ್ ಡಿಯೇಗೋ ತಂಡವನ್ನು 5-3ರಿಂದ ಸೋಲಿಸಿದರು. ಅಂದು ಅವರ ವಯಸ್ಸು 49 ವರ್ಷ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲಿನಲ್ಲಿ ಅಷ್ಟು ವಯಸ್ಸಾದ ಪಿಚರ್ ಅದುವರೆಗೆ ಯಾರೂ ಪಂದ್ಯ ಗೆದ್ದಿರಲಿಲ್ಲ. ಹದಿನಾರು ತಿಂಗಳ ಹಿಂದಷ್ಟೇ ಅವರ ಎಡ ಮೊಣಕೈಗೆ ದೊಡ್ಡ ಶಸ್ತ್ರಚಿಕಿತ್ಸೆ ಆಗಿತ್ತು.

ಪಿಚರ್ ಎಂದರೆ ನಮ್ಮ ಕ್ರಿಕೆಟಿನ ಬೌಲರ್ ಇದ್ದ ಹಾಗೆ. ಆದರೆ ಅವನು ಓಡಿ ಬರುವುದಿಲ್ಲ, ನಿಂತಲ್ಲಿಂದಲೇ ಮೊಣಕೈ ಮಡಿಸಿ ಬೀಸಿ ಎಸೆಯುತ್ತಾನೆ. ಪಂದ್ಯದ ಗೆಲುವು ಸೋಲುಗಳನ್ನು ಅವನ ಹೆಸರಿಗೇ ಬರೆಯುವ ಪದ್ಧತಿ ಆ ಆಟದಲ್ಲಿದೆ.

ಬೇಡವಾದ ಆಟಗಾರ

ಮೋಯರ್ ಅವರನ್ನು ದೈವದತ್ತ ಪ್ರತಿಭೆ ಎಂದು ಯಾರೂ ಕರೆದಿರಲಿಲ್ಲ. ತಂಡದಿಂದ ತಂಡಕ್ಕೆ ಅಲೆಯುತ್ತಾ, ಸಿಕ್ಕಷ್ಟು ದಿನ ದುಡಿಯುವ ಕಸುಬುದಾರರಲ್ಲಿ ಅವರೊಬ್ಬರು. 1986ರಲ್ಲಿ ಶಿಕಾಗೋ ಕಬ್ಸ್ ತಂಡದಲ್ಲಿ ಆಟ ಆರಂಭಿಸಿದರು. ಅಲ್ಲಿಂದ ಟೆಕ್ಸಾಸ್, ಅಲ್ಲಿಂದ ಸೇಂಟ್ ಲೂಯಿಸ್. ಎರಡೂ ತಂಡಗಳು ಅವರನ್ನು ಕೈಬಿಟ್ಟವು. 1992ರಲ್ಲಿ ಮತ್ತೆ ಕಬ್ಸ್ ತಂಡಕ್ಕೆ ಹೋದರೆ, ‘ಆಟ ಸಾಕು, ತರಬೇತುದಾರನಾಗು’ ಎಂಬ ಸಲಹೆ ಬಂತು. ಅದನ್ನು ಒಪ್ಪದ ಮೋಯರ್ ಆ ವರ್ಷವನ್ನು ಟೊಲಿಡೋ ಊರಿನ ಕೆಳದರ್ಜೆಯ ತಂಡದಲ್ಲಿ ಕಳೆದರು.

ಮೂವತ್ತು ತುಂಬಿದಾಗ ಅವರ ಲೆಕ್ಕ ಹೀಗಿತ್ತು: ಮೇಜರ್ ಲೀಗ್‌ನಲ್ಲಿ 34 ಗೆಲುವು, 54 ಸೋಲು. ಇಂಥ ಲೆಕ್ಕ ಇಟ್ಟುಕೊಂಡು ಮನೆಗೆ ಹೋದವರೇ ಹೆಚ್ಚು. ಮೋಯರ್ ಹೋಗಲಿಲ್ಲ. ಬಾಲ್ಟಿಮೋರ್, ಬಾಸ್ಟನ್ ತಂಡಗಳಲ್ಲಿ ಆಡಿ 1996ರಲ್ಲಿ ಸಿಯಾಟಲ್ ತಂಡಕ್ಕೆ ಬಂದರು. ಅಲ್ಲಿ ಹತ್ತು ವರ್ಷ ನೆಲೆ ಸಿಕ್ಕಿತು. 2001ರಲ್ಲಿ 20 ಪಂದ್ಯ, ನಲವತ್ತು ತುಂಬಿದ ಮೇಲೆ 2003ರಲ್ಲಿ 21 ಪಂದ್ಯ ಗೆದ್ದರು. 2008ರಲ್ಲಿ ಫಿಲಡೆಲ್ಫಿಯಾ ತಂಡದೊಂದಿಗೆ ವರ್ಲ್ಡ್ ಸೀರೀಸ್ ಪ್ರಶಸ್ತಿ. ಎಂಟು ತಂಡ, 25 ಋತು, ಒಟ್ಟು 269 ಗೆಲುವು, 209 ಸೋಲು. ಆ ಗೆಲುವುಗಳಲ್ಲಿ 235 ಬಂದದ್ದು ಮೂವತ್ತು ತುಂಬಿದ ಮೇಲೆ! ಅತಿ ಹೆಚ್ಚು, ಅಂದರೆ 522 ಹೋಂ ರನ್ ಹೊಡೆಸಿಕೊಂಡ ಪಿಚರ್ ಎಂಬ ದಾಖಲೆಯೂ ಅವರ ಹೆಸರಿನಲ್ಲೇ ಇದೆ. ಬಹುಕಾಲ ಬಾಳಿದವರಿಗೆ ಮಾತ್ರ ಇಂಥ ದಾಖಲೆ ಸಾಧ್ಯ ಎನ್ನುವುದನ್ನು ಮರೆಯಬಾರದು.

ಅವರ ಚೆಂಡಿಗೆ ವೇಗವಿರಲಿಲ್ಲ. ಇತರರು ಗಂಟೆಗೆ 145 ಕಿ.ಮೀ. ಮೀರಿ ಎಸೆಯುವ ಕಾಲದಲ್ಲಿ, ಕೊನೆಯ ವರ್ಷ ಮೋಯರ್ ಅವರ ವೇಗದ ಚೆಂಡೇ ಸುಮಾರು 125 ಕಿ.ಮೀ. ಇತ್ತು. ಎಲ್ಲಿ ಬೀಳಿಸಬೇಕು, ಯಾವಾಗ ಇನ್ನೂ ನಿಧಾನ ಮಾಡಬೇಕು ಎಂಬ ಜಾಣ್ಮೆಯೇ ಅವರ ಬಂಡವಾಳ.

ಮೊಣಕೈ ಒಳಗಿನ ಪಟ್ಟಿ

ಈಗ ಅಂಗೈ ಮೇಲೆ ಮಾಡಿ ನಿಮ್ಮ ಕೈಯನ್ನು ಮುಂದಕ್ಕೆ ಚಾಚಿ. ಮೊಣಕೈಯ ಒಳಬದಿಯನ್ನು, ಎಂದರೆ ಮೈಯ ಕಡೆಗಿರುವ ಬದಿಯನ್ನು ಮುಟ್ಟಿದರೆ ಮೂಳೆಯ ಗುಬುಟೊಂದು ಸಿಗುತ್ತದೆ. ಅಲ್ಲಿಂದ ಮುಂಗೈಯ ಕಿರುಬೆರಳ ಕಡೆಯ ಮೂಳೆಗೆ ಗಟ್ಟಿಯಾದ ಒಂದು ಪಟ್ಟಿ ಕಟ್ಟಿದೆ. ಹೀಗೆ ಮೂಳೆಗೂ ಮೂಳೆಗೂ ಬಿಗಿದ ಪಟ್ಟಿಯನ್ನೇ ವೈದ್ಯರು ಲಿಗಮೆಂಟ್ ಅಥವಾ ಅಸ್ಥಿರಜ್ಜು ಎನ್ನುತ್ತಾರೆ. ಮೊಣಕೈ ತಗುಲಿದಾಗ ಕಿರುಬೆರಳವರೆಗೆ ‘ಜುಂ’ ಎನ್ನುವ ನರ ಹಾದುಹೋಗುವುದೂ ಇದರ ಪಕ್ಕದಲ್ಲೇ.

ಚೆಂಡನ್ನು ಬೀಸಿ ಎಸೆಯುವಾಗ ತೋಳು ಮುಂದೆ ತಿರುಗುತ್ತದೆ, ಮುಂಗೈ ಒಂದು ಕ್ಷಣ ಹಿಂದೆ ಉಳಿಯುತ್ತದೆ. ಆಗ ಮೊಣಕೈಯ ಒಳಬದಿ ಬಾಯಿ ತೆರೆಯಲು ನೋಡುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಈ ಪಟ್ಟಿ ಮತ್ತು ಸುತ್ತಲಿನ ಸ್ನಾಯುಗಳು. ಪೂರ್ತಿ ಬಲದ ಎಸೆತದಲ್ಲಿ ಬೀಳುವ ಎಳೆತ ಪಟ್ಟಿಯೊಂದೇ ತಾಳಲಾರದಷ್ಟು. ಸ್ನಾಯುಗಳು ಪಾಲು ಹೊತ್ತಾಗ ಮಾತ್ರ ಅದು ಉಳಿಯುತ್ತದೆ. ಸ್ನಾಯು ದಣಿದರೆ? ಅವುಗಳ ಪಾಲಿನ ಹೊರೆಯೂ ಪಟ್ಟಿಯ ಮೇಲೆಯೇ. ದಣಿದ ಕೈಯಲ್ಲಿ ಎಸೆಯುವುದು ಅಪಾಯ ಎನ್ನುವುದು ಇದಕ್ಕೇ.

ಒಬ್ಬ ಪಿಚರ್ ಪಂದ್ಯವೊಂದರಲ್ಲಿ ತೊಂಬತ್ತು, ನೂರು ಎಸೆತ ಎಸೆಯುತ್ತಾನೆ. ನಮ್ಮ ಲೆಕ್ಕದಲ್ಲಿ ಹದಿನಾರು ಓವರು. ವರ್ಷಗಟ್ಟಲೆ ಹೀಗೆ ನಡೆದರೆ ಪಟ್ಟಿಯ ಎಳೆಗಳು ಒಂದೊಂದಾಗಿ ಸವೆಯುತ್ತವೆ. ಬಾವಿಯ ಹಗ್ಗ ಹರಿಯುವುದು ಕೊನೆಯ ಕೊಡಕ್ಕಾದರೂ ಸವೆದದ್ದು ಎಲ್ಲ ಕೊಡಗಳಿಂದ.

ನೂರರಲ್ಲಿ ಒಂದು ಪಾಲು ಆಸೆ

ಒಂದು ಕಾಲಕ್ಕೆ ಈ ಪಟ್ಟಿ ಹರಿಯಿತೆಂದರೆ ಪಿಚರ್‌ನ ಬದುಕು ಮುಗಿದಂತೆಯೇ ಇತ್ತು. 1974ರ ಜುಲೈ 17ರಂದು ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಎಡಗೈ ಪಿಚರ್ ಟಾಮಿ ಜಾನ್ ಅವರಿಗೆ ಹಾಗಾಯಿತು. ಆ ಋತುವಿನಲ್ಲಿ ಅವರು 13 ಗೆದ್ದು ಮೂರೇ ಸೋತಿದ್ದರು. ತಂಡದ ವೈದ್ಯ ಡಾ. ಫ್ರಾಂಕ್ ಜೋಬ್ ಹೊಸದೊಂದು ಯೋಚನೆ ಮುಂದಿಟ್ಟರು: ಬಲಗೈಯ ಮುಂಗೈಯಿಂದ ಒಂದು ಸ್ನಾಯುರಜ್ಜುವನ್ನು ತೆಗೆದು, ಎಡ ಮೊಣಕೈಯ ಮೂಳೆಗಳಲ್ಲಿ ತೂತು ಕೊರೆದು, ಹರಿದ ಪಟ್ಟಿಯ ಜಾಗದಲ್ಲಿ ಅದನ್ನು ಹೊಸೆದು ಕಟ್ಟುವುದು. ಮತ್ತೆ ಆಡುವ ಆಸೆ ನೂರರಲ್ಲಿ ಒಂದು ಪಾಲು ಎಂದೂ ಹೇಳಿದರು.

ತೆಗೆದ ರಜ್ಜು ಯಾವುದೆಂದು ನೋಡಬೇಕೇ? ಹೆಬ್ಬೆರಳನ್ನೂ ಕಿರುಬೆರಳನ್ನೂ ತುದಿಗೆ ತುದಿ ಸೇರಿಸಿ, ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಮಡಿಸಿ. ಮಣಿಕಟ್ಟಿನ ನಡುವೆ ತಂತಿಯಂತೆ ಎದ್ದು ಕಾಣುವುದೇ ಅದು. ಕೆಲವರಿಗೆ ಒಂದು ಕೈಯಲ್ಲೋ ಎರಡರಲ್ಲೋ ಅದು ಹುಟ್ಟಿನಿಂದಲೇ ಇರುವುದಿಲ್ಲ. ಕಾಣದಿದ್ದರೆ ಗಾಬರಿ ಬೇಡ. ಅದಿಲ್ಲದೆಯೂ ಹಿಡಿತಕ್ಕೆ ಹೇಳಿಕೊಳ್ಳುವಂಥ ಕೊರತೆಯಾಗದು. ಆದ್ದರಿಂದಲೇ ಅದನ್ನು ಕಸಿಗೆ ಆರಿಸುತ್ತಾರೆ.

ಶಸ್ತ್ರಚಿಕಿತ್ಸೆ ನಡೆದದ್ದು ಅದೇ ವರ್ಷ ಸೆಪ್ಟೆಂಬರ್ 25ರಂದು. ಬಳಿಕ ಮೊಣಕೈ ಬಳಿಯ ನರಕ್ಕೆ ತೊಂದರೆಯಾಗಿ ಬೆರಳುಗಳು ಮಡಚಿಕೊಂಡವು. ಡಿಸೆಂಬರಿನಲ್ಲಿ ಮತ್ತೊಂದು ಶಸ್ತ್ರಚಿಕಿತ್ಸೆ. 1975ರ ಋತು ಇಡೀ ಹೋಯಿತು. 1976ರ ಏಪ್ರಿಲ್‌ನಲ್ಲಿ ಟಾಮಿ ಜಾನ್ ಮತ್ತೆ ಮೈದಾನಕ್ಕಿಳಿದರು. ಮುಂದೆ 1989ರವರೆಗೆ, 46ನೆಯ ವಯಸ್ಸಿನವರೆಗೆ ಆಡಿದರು. ಒಟ್ಟು 288 ಗೆಲುವುಗಳಲ್ಲಿ 164 ಬಂದದ್ದು ಶಸ್ತ್ರಚಿಕಿತ್ಸೆಯ ಬಳಿಕ. ಹಾಗಾಗಿ ಚಿಕಿತ್ಸೆಗೆ ವೈದ್ಯರ ಹೆಸರಿನ ಬದಲು ರೋಗಿಯ ಹೆಸರೇ ನಿಂತಿತು. ಈಗಲೂ ಅದು ‘ಟಾಮಿ ಜಾನ್ ಶಸ್ತ್ರಚಿಕಿತ್ಸೆ’.

ಮೋಯರ್ ಅವರ ಸರದಿ ಬಂದದ್ದು 2010ರಲ್ಲಿ. ಜುಲೈಯಲ್ಲಿ ಮೊಣಕೈ ನೋವಿನಿಂದ ಆಟ ನಿಲ್ಲಿಸಿದರು. ನವೆಂಬರಿನಲ್ಲಿ ಡೊಮಿನಿಕನ್ ಗಣರಾಜ್ಯದಲ್ಲಿ ಆಡಲು ಹೋದಾಗ ಗಾಯ ಬಲವಾಯಿತು. ಡಿಸೆಂಬರಿನಲ್ಲಿ, 48 ತುಂಬಿದ ಕೆಲವೇ ದಿನಗಳಿಗೆ, ಇದೇ ಶಸ್ತ್ರಚಿಕಿತ್ಸೆ ಆಯಿತು. 2011ರಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಬಳಿಕ ಬಂದದ್ದೇ ಏಪ್ರಿಲ್ 17ರ ಗೆಲುವು. ಆ ವರ್ಷ ಮೇಜರ್ ಲೀಗ್‌ನಲ್ಲಿ ಅವರು ಗೆದ್ದದ್ದು ಎರಡೇ ಪಂದ್ಯ. ಜೂನ್ ಹೊತ್ತಿಗೆ ರಾಕೀಸ್ ತಂಡವೂ ಕೈಬಿಟ್ಟಿತ್ತು.

ಪವಾಡವಲ್ಲ, ತಾಳ್ಮೆ

ಇಂಥ ಕಥೆಗಳಿಂದ ಒಂದು ತಪ್ಪು ತಿಳಿವಳಿಕೆಯೂ ಹರಡಿದೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಕೈ ಮೊದಲಿಗಿಂತ ಬಲವಾಗುತ್ತದೆ, ಗಾಯವಿಲ್ಲದಿದ್ದರೂ ಮಾಡಿಸುವುದು ಒಳ್ಳೆಯದು ಎಂದು ನಂಬುವ ಹುಡುಗರೂ ಪಾಲಕರೂ ಅಮೆರಿಕದಲ್ಲಿದ್ದಾರೆ. ಇದು ಖಂಡಿತ ಸರಿಯಲ್ಲ. ಕಸಿ ಮಾಡಿದ ರಜ್ಜು ಹೊಸ ಜಾಗಕ್ಕೆ ಹೊಂದಿಕೊಳ್ಳಲು ತಿಂಗಳುಗಳೇ ಬೇಕು. ಮೊದಲು ಕೈಗೆ ಆಧಾರಪಟ್ಟಿ, ನಂತರ ಮೆಲ್ಲಗೆ ಮಡಿಸಿ ಬಿಡಿಸುವ ವ್ಯಾಯಾಮ, ನಾಲ್ಕೈದು ತಿಂಗಳ ಮೇಲೆ ಹಗುರ ಎಸೆತ, ಪಂದ್ಯಕ್ಕೆ ಮರಳಲು ಒಂದರಿಂದ ಒಂದೂವರೆ ವರ್ಷ. ಇಷ್ಟಾದರೂ ನೂರರಲ್ಲಿ ಎಂಬತ್ತರ ಆಸುಪಾಸು ಜನ ಮಾತ್ರ ಹಿಂದಿನ ಮಟ್ಟಕ್ಕೆ ಮರಳುತ್ತಾರೆ. ಮರಳಿದವರಲ್ಲಿ ಕೈ ಬಲವಾಗಿ ಕಂಡರೆ ಅದು ಒಂದು ವರ್ಷದ ವಿಶ್ರಾಂತಿ, ವ್ಯಾಯಾಮಗಳ ಫಲ. ಹೊಸ ರಜ್ಜುವಿನ ಮಹಿಮೆಯಲ್ಲ.

ಇನ್ನೊಂದು ಮಾತು. ನಿತ್ಯದ ಕೆಲಸಕ್ಕೆ ಈ ಪಟ್ಟಿಯ ಅಗತ್ಯ ಅಷ್ಟಿಲ್ಲ. ಚೆಂಡೆಸೆಯುವ ವೃತ್ತಿಯವರಲ್ಲದ ಹೆಚ್ಚಿನವರಿಗೆ ವಿಶ್ರಾಂತಿ, ವ್ಯಾಯಾಮಗಳೇ ಸಾಕಾಗುತ್ತವೆ.

ಮಕ್ಕಳ ಕೈ ಬೇರೆ

ಚಿಂತೆಯ ವಿಷಯ ಇರುವುದು ಇಲ್ಲಿ. ಹದಿನೈದರೊಳಗಿನ ಮಕ್ಕಳ ಮೊಣಕೈಯಲ್ಲಿ ಮೂಳೆ ಬೆಳೆಯುವ ಮೃದು ಭಾಗ ಇನ್ನೂ ಮುಚ್ಚಿರುವುದಿಲ್ಲ. ಅದು ಪಟ್ಟಿಗಿಂತ ದುರ್ಬಲ. ಆದ್ದರಿಂದ ದೊಡ್ಡವರಲ್ಲಿ ಪಟ್ಟಿ ಹರಿಯುವ ಕಡೆ ಮಕ್ಕಳಲ್ಲಿ ಮೂಳೆಯ ಗುಬುಟೇ ಬಿರುಕು ಬಿಡಬಹುದು. ‘ಬೆಳೆಯೋ ಹುಡುಗ’ ಎಂದು ನಾವು ಸುಮ್ಮನಾಗುವ ನೋವಿನ ಹಿಂದೆ ಇದೂ ಇರಬಹುದು.

ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನ ಕ್ರೀಡಾವೈದ್ಯಕೀಯ ಸಂಸ್ಥೆಯಲ್ಲಿ ಡಾ. ಜೇಮ್ಸ್ ಆಂಡ್ರೂಸ್ ಮತ್ತು ಸಂಗಡಿಗರು ಎಳೆಯ ಪಿಚರ್‌ಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಶಸ್ತ್ರಚಿಕಿತ್ಸೆಗೆ ಬಂದ ಹುಡುಗರನ್ನು ಆರೋಗ್ಯವಂತರೊಂದಿಗೆ ಹೋಲಿಸಿ 2006ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕೈ ದಣಿದಿದ್ದರೂ ಎಸೆಯುತ್ತಲೇ ಇದ್ದವರಿಗೆ ಅಪಾಯ 36 ಪಟ್ಟು ಹೆಚ್ಚೆಂದು ಕಂಡಿತು. ವರ್ಷಕ್ಕೆ ನೂರು ಇನ್ನಿಂಗ್ಸ್ ಮೀರಿ ಎಸೆದವರಿಗೆ ಅಪಾಯ ಮೂರೂವರೆ ಪಟ್ಟು ಎಂದು 2011ರ ಇನ್ನೊಂದು ವರದಿ ಹೇಳಿತು. 2014ರಲ್ಲಿ ಅಮೆರಿಕದ ಬೇಸ್‌ಬಾಲ್ ಸಂಸ್ಥೆಗಳು ಹೊರಡಿಸಿದ ಮಾರ್ಗಸೂಚಿಯಲ್ಲಿ ಎಂಟು ವರ್ಷದವರೆಗಿನ ಮಗುವಿಗೆ ದಿನಕ್ಕೆ 50 ಎಸೆತ, 10ರವರೆಗೆ 75, 12ರವರೆಗೆ 85, 16ರವರೆಗೆ 95 ಎಂಬ ಮಿತಿ ಇದೆ. ಚಿಕ್ಕವರು ವರ್ಷದಲ್ಲಿ ನಾಲ್ಕು ತಿಂಗಳು ಚೆಂಡೆಸೆತ ಬಿಟ್ಟಿರಬೇಕು ಎಂದೂ ಅದು ಹೇಳುತ್ತದೆ. ಅಮೆರಿಕದಲ್ಲಿ ಮೊಮ್ಮಕ್ಕಳಿರುವ ಅಜ್ಜ ಅಜ್ಜಿಯರು ಈ ಅಂಕಿಗಳನ್ನು ಬರೆದಿಟ್ಟುಕೊಳ್ಳಬಹುದು.

ನಮ್ಮ ಕ್ರಿಕೆಟಿನಲ್ಲಿ ಬೌಲರ್ ಮೊಣಕೈ ಬೀಸಿ ಎಸೆಯುವಂತಿಲ್ಲ. ಹೀಗಾಗಿ ಹೊಡೆತ ಭುಜಕ್ಕೆ ಮತ್ತು ಕೆಳಬೆನ್ನಿಗೆ ಹೆಚ್ಚು. ಮೈಸೂರಿನ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಗಾಯದಿಂದ ವೆಸ್ಟ್ ಇಂಡೀಸ್ ಪ್ರವಾಸ ಕಳೆದುಕೊಂಡದ್ದು, ಮತ್ತೆ ಮರಳಿ 2003ರ ವಿಶ್ವಕಪ್‌ವರೆಗೆ ಆಡಿದ್ದು ಹಲವರಿಗೆ ನೆನಪಿರಬಹುದು. ಆಟ ಬೇರೆಯಾದರೂ ನಿಯಮ ಒಂದೇ: ದಣಿದ ಸ್ನಾಯುವಿಗೆ ವಿಶ್ರಾಂತಿ.

ಪಾಲಕರ ಗಮನಕ್ಕೆ

* ಮೊಣಕೈಯ ಒಳಬದಿಯಲ್ಲಿ ನೋವು, ಕೈ ಪೂರ್ತಿ ಚಾಚಲಾಗದಿರುವುದು, ಕಿರುಬೆರಳಲ್ಲಿ ಜೋಮು, ಇದ್ದಕ್ಕಿದ್ದಂತೆ ಎಸೆತದ ವೇಗ ಅಥವಾ ಗುರಿ ತಪ್ಪುವುದು: ಇವುಗಳಲ್ಲಿ ಒಂದು ಕಂಡರೂ ಆಟ ನಿಲ್ಲಿಸಿ. ‘ಟಪ್’ ಎಂಬ ಸದ್ದಿನೊಂದಿಗೆ ನೋವು ಬಂದರೆ ಮೂಳೆ ವೈದ್ಯರಿಗೆ ತೋರಿಸಲು ತಡಮಾಡಬೇಡಿ.

* ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ ಇಡಬಹುದು. ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕುವುದು, ಎಳೆದು ಸರಿಮಾಡಿಸುವುದು ಬೇಡ.

* ನೋವಿನ ಮಾತ್ರೆ ನುಂಗಿಸಿ ಆಟಕ್ಕೆ ಕಳಿಸಬೇಡಿ. ಮಾತ್ರೆ ನೋವನ್ನು ಮುಚ್ಚುತ್ತದೆ, ಗಾಯವನ್ನಲ್ಲ.

* ಹನ್ನೆರಡು ತಿಂಗಳೂ ಒಂದೇ ಆಟ ಬೇಡ. ಈಜು, ಕಬಡ್ಡಿ, ಫುಟ್‌ಬಾಲ್, ಏನಾದರೂ ಸರಿ, ಎಸೆಯುವ ಕೈಗೆ ಬಿಡುವು ಸಿಗಲಿ.

* ಶಾಲಾ ತಂಡ, ಬೇಸಿಗೆ ಶಿಬಿರ, ಬಡಾವಣೆಯ ತಂಡ ಮೂರರಲ್ಲೂ ಆಡುವ ಮಗುವಿನ ಒಟ್ಟು ಓವರುಗಳ ಲೆಕ್ಕ ಯಾವ ತರಬೇತುದಾರರ ಬಳಿಯೂ ಇರುವುದಿಲ್ಲ. ಅದನ್ನು ನೀವೇ ಇಡಿ.

ದೊಡ್ಡವರಿಗೂ ಒಂದು ಮಾತು. ನಲವತ್ತರ ನಂತರವೂ ಸ್ನಾಯುಗಳು ವ್ಯಾಯಾಮಕ್ಕೆ ಸ್ಪಂದಿಸುತ್ತವೆ, ನಿಧಾನವಾಗಿ ಆರಂಭಿಸಬೇಕು ಅಷ್ಟೆ. ಭುಜದ ನೋವು ವಾರಗಟ್ಟಲೆ ಉಳಿದರೆ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಿನ ತಲೆಗೆ ಕಟ್ಟದೆ ವೈದ್ಯರಿಗೆ ತೋರಿಸಿ. ತೋಳಿನ ನೋವಿನ ಜೊತೆ ಎದೆ ಬಿಗಿತ, ಬೆವರು ಕಂಡರೆ ಅದು ಹೃದಯದ ಕರೆಗಂಟೆ ಇರಬಹುದು, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮೋಯರ್ ಅವರಿಗೆ ಇಪ್ಪತ್ತೊಂಬತ್ತರಲ್ಲೇ ‘ಸಾಕು’ ಎಂದವರಿದ್ದರು. ಅವರು ಇನ್ನೂ ಇಪ್ಪತ್ತು ವರ್ಷ ಎಸೆದರು. ಎಲ್ಲರ ಕೈಯೂ ಹಾಗೆ ಬಾಳುವುದಿಲ್ಲ ನಿಜ. ಆದರೆ ಹದಿಮೂರರಲ್ಲೇ ಸವೆಸಿಬಿಟ್ಟ ಕೈ ಖಂಡಿತ ಬಾಳುವುದಿಲ್ಲ. ಇಂದು ಸಂಜೆ ಮಗ ಆಟ ಮುಗಿಸಿ ಬಂದಾಗ ‘ಗೆದ್ದೆಯಾ?’ ಎಂದು ಕೇಳುವ ಮೊದಲು ‘ಕೈ ನೋಯುತ್ತಿದೆಯಾ?’ ಎಂದು ಕೇಳಿ ನೋಡಿ.