ಬೀದಿಯೂ ಹೆದ್ದಾರಿಯೂ

ಸಂಸ್ಕೃತದ ವೀಥಿಯ ತದ್ಭವವಾದ ‘ಬೀದಿ’ಯನ್ನು ನಾವು ‘ದಾರಿ’ಯೊಡನೆ ಬೆರಸಿ ಬಳಸುವುದುಂಟು. ಆದರೆ ಬೀದಿಯೆಂದರೆ ಇಕ್ಕೆಲದಲ್ಲಿಯೂ ಮನೆ ಅಂಗಡಿಗಳಿದ್ದು ಜನರು ನಿಲ್ಲುವ, ಕೊಳ್ಳುವ, ತೇರನ್ನೆಳೆಯುವ ಎಡೆ. ದಾರಿಯಾದರೋ ಊರಿಂದೂರಿಗೆ ಸಾಗುವುದಕ್ಕೆ. ತುಮಕೂರಿನಲ್ಲಿ ಈ ಭೇದವು ಅಳಿಸಿಹೋಗಿರುವುದು. ಅಲ್ಲಿಯ ಬಿ.ಎಚ್. ರಸ್ತೆಯ ಹೆಸರನ್ನು ಬಿಡಿಸಿದರೆ ಬೆಂಗಳೂರು–ಹೊನ್ನಾವರ ರಸ್ತೆಯೆಂದಾಗುತ್ತದೆ. ಊರಿನ ಮುಖ್ಯ ಬೀದಿಯ ಹೆಸರಿನಲ್ಲಿ ಆ ಊರೇ ಇಲ್ಲ! ಗುಬ್ಬಿಗೂ ಇದೇ ಹಾದಿ. ಕುಣಿಗಲ್ಲು ಬೆಂಗಳೂರು–ಮಂಗಳೂರು ಹೆದ್ದಾರಿಗೆ ಸೇರಿದ ಊರು.

ದೂರ ಹೋಗುವವನಿಗೆ ವೇಗ ಬೇಕು. ಸಂತೆಗೆ ಬಂದ ಮುದುಕಿಗೆ ದಾಟಲು ಬಿಡುವು ಬೇಕು. ವೇಗವು ಇಮ್ಮಡಿಯಾದರೆ ವಾಹನದ ಚಲನಶಕ್ತಿಯು ನಾಲ್ಮಡಿಯಾಗುವುದರಿಂದ ಇದು ಕೇವಲ ಸೌಕರ್ಯದ ಮಾತಲ್ಲ, ಪ್ರಾಣದ ಮಾತು. ನಡೆಯುವ ಪಟ್ಟಿಯು 1.8 ಮೀಟರಿಗೆ ಕಡಿಮೆಯಿರಬಾರದೆಂದು ಭಾರತೀಯ ರಸ್ತೆ ಕಾಂಗ್ರೆಸ್ಸು 2012ರಲ್ಲಿ ಸೂಚಿಸಿತು. ಎದುರುಬದುರಾಗಿ ಬರುವ ಎರಡು ಗಾಲಿಕುರ್ಚಿಗಳಿಗೆ ಅಷ್ಟು ಬೇಕು. ಕಂಬಗಳೂ ನಿಲ್ಲಿಸಿದ ಮೋಟರುಸೈಕಲ್ಲುಗಳೂ ಈ ಅಳತೆಗೆ ಹೊರತಾಗಿರತಕ್ಕದ್ದು. ತಳ್ಳುಗಾಡಿಯವನನ್ನೇ ದೂರುವುದು ನಮ್ಮ ವಾಡಿಕೆ. ಆದರೆ 2014ರ ಬೀದಿ ವ್ಯಾಪಾರಿಗಳ ಕಾಯಿದೆಯು ಅವನ ಜೀವನೋಪಾಯವನ್ನು ರಕ್ಷಿಸುವುದಲ್ಲದೆ, ಅವನಿಗೆ ಎಡೆಯನ್ನು ಗೊತ್ತುಮಾಡುವ ಹೊಣೆಯನ್ನು ಪೌರಸಂಸ್ಥೆಗಳ ಮೇಲೆಯೇ ಹೊರಿಸಿದೆ.

ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ನಿರಾತಂಕವಾದ ಕಾಲುದಾರಿಯು ಸಂವಿಧಾನದ 21ನೆಯ ಅನುಚ್ಛೇದದ ಹಕ್ಕಿನಲ್ಲಿ ಅಡಕವೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಹೇಳಿತು. ಇನ್ನು ಉಳಿದಿರುವುದು ಗಾರೆಯವನ ಕೆಲಸ. ಸಾಮಾನ್ಯವಾಗಿ ದಾಟುವವನೇ ಕಾಲುದಾರಿಯಿಂದಿಳಿದು ಆಚೆ ಹತ್ತಬೇಕಾಗಿದೆ. ದಾಟುವೆಡೆಯನ್ನೇ ಕಾಲುದಾರಿಯ ಮಟ್ಟಕ್ಕೆತ್ತಿದಲ್ಲಿ, ನಿಧಾನಿಸಿ ಏರಿಳಿಯುವ ಶ್ರಮವು ವಾಹನದ ಪಾಲಿಗೆ ಬರುವುದು.