ಕ್ರೂಸರ್ ಬೈಕಿಗೆ ಒಪ್ಪುವ ಕ್ಯಾಮ್‌ಶಾಫ್ಟ್

ನಾಲ್ಕು ಸ್ಟ್ರೋಕ್ ಎಂಜಿನ್ನಿನೊಳಕ್ಕೆ ಪೆಟ್ರೋಲು ಬೆರೆತ ಗಾಳಿ ಯಾವಾಗ ಬರಬೇಕು, ಸುಟ್ಟ ಹೊಗೆ ಯಾವಾಗ ಹೊರಗೆ ಹೋಗಬೇಕು ಎಂಬುದನ್ನು ನಿರ್ಧರಿಸುವ ಭಾಗ ಕ್ಯಾಮ್‌ಶಾಫ್ಟ್. ಇದೊಂದು ಲೋಹದ ದಂಡ; ಇದರ ಮೇಲೆ ಮೊಟ್ಟೆಯಾಕಾರದ ಉಬ್ಬುಗಳಿರುತ್ತವೆ. ದಂಡ ತಿರುಗಿದಂತೆ ಉಬ್ಬು ಬಂದು ವಾಲ್ವನ್ನು ತೆರೆಸುತ್ತದೆ. ಉಬ್ಬು ದಾಟಿದೊಡನೆ ಸ್ಪ್ರಿಂಗು ಅದನ್ನು ಮುಚ್ಚುತ್ತದೆ. ಪಿಸ್ಟನ್ನಿನಿಂದ ತಿರುಗುವ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ ಸುಮಾರು 33 ಸಲ ತೆರೆದು ಮುಚ್ಚುತ್ತದೆ. ಆ ಉಬ್ಬಿನ ಆಕಾರ ಕೊಂಚ ಬದಲಾದರೂ ಬೈಕಿನ ಗುಣವೇ ಬದಲಾಗುತ್ತದೆ.

ಎಲ್ಲ ಬೈಕಿಗೂ ಕ್ಯಾಮ್ ಇರುವುದಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ ಮತ್ತು ಯೆಜ್ಡಿ ಬೈಕುಗಳು ಎರಡು ಸ್ಟ್ರೋಕಿನವು. ಅವುಗಳಲ್ಲಿ ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಹಳೆಯ ಬುಲೆಟ್ಟಿನಲ್ಲಿ ಕ್ಯಾಮ್‌ಗಳು ಎರಡು; ಅವು ಎಂಜಿನ್ನಿನ ಕೆಳಭಾಗದಲ್ಲಿ ಕೂತು ಪುಶ್‌ರಾಡುಗಳ ಮೂಲಕ ಮೇಲಿನ ವಾಲ್ವುಗಳನ್ನು ತೆರೆಯುತ್ತವೆ. 2020ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ರಲ್ಲಿ ಒಂದೇ ಕ್ಯಾಮ್ ತಲೆಯ ಮೇಲಿದ್ದು ಚೈನಿನಿಂದ ತಿರುಗುತ್ತದೆ. 2018ರಲ್ಲಿ ಮರಳಿ ಬಂದ ಜಾವಾದ ತಲೆಯಲ್ಲಿ ಎರಡು ಕ್ಯಾಮ್‌ಗಳಿವೆ. ಅಮೆರಿಕದ ಹಾರ್ಲೆ ಡೇವಿಡ್‌ಸನ್ ಎಂಜಿನ್ನುಗಳಲ್ಲಿ 1999ರ ಟ್ವಿನ್ ಕ್ಯಾಮ್‌ಗೆ ಎರಡು, ಅದರ ನಂತರದ ಮಿಲ್ವಾಕಿ ಎಯ್ಟ್‌ಗೆ ಒಂದು. ಆದ್ದರಿಂದ ಒಂದು ಬೈಕಿಗೆಂದು ಮಾಡಿದ ಕ್ಯಾಮ್ ಇನ್ನೊಂದಕ್ಕೆ ಕೂರುವುದಿಲ್ಲ. ಒಂದೇ ಹೆಸರಿನ ಬೈಕಾದರೂ ಯಾವ ವರ್ಷದ ಎಂಜಿನ್ ಎಂದು ಮೊದಲು ನೋಡಬೇಕು.

ಓದಬೇಕಾದ ಅಳತೆಗಳು

ಕ್ಯಾಮ್ ಪೆಟ್ಟಿಗೆಯ ಮೇಲಿನ ಅಂಕಿಗಳಲ್ಲಿ ಮೊದಲನೆಯದು ಲಿಫ್ಟ್, ಅಂದರೆ ವಾಲ್ವ್ ಎಷ್ಟು ಮಿಲಿಮೀಟರ್ ತೆರೆಯುತ್ತದೆ ಎಂಬುದು. ಹೆಚ್ಚು ತೆರೆದರೆ ಗಾಳಿಗೆ ದಾರಿ ಅಗಲವಾಗುತ್ತದೆ, ಜೊತೆಗೆ ಸ್ಪ್ರಿಂಗಿನ ಮೇಲೆ ಒತ್ತಡವೂ ಏರುತ್ತದೆ. ಎರಡನೆಯದು ಡ್ಯುರೇಶನ್; ವಾಲ್ವ್ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದನ್ನು ಕ್ರ್ಯಾಂಕಿನ ಡಿಗ್ರಿಗಳಲ್ಲಿ ಹೇಳುವ ಲೆಕ್ಕ. ಉದಾಹರಣೆಗೆ ಒಳವಾಲ್ವ್ ಪಿಸ್ಟನ್ ಮೇಲ್ತುದಿ ಮುಟ್ಟುವ 10 ಡಿಗ್ರಿ ಮೊದಲೇ ತೆರೆದು, ಕೆಳತುದಿ ದಾಟಿದ 40 ಡಿಗ್ರಿಗೆ ಮುಚ್ಚಿದರೆ, ನಡುವಿನ 180 ಸೇರಿ ಡ್ಯುರೇಶನ್ 230 ಡಿಗ್ರಿ. ಈ ಲೆಕ್ಕವನ್ನು ವಾಲ್ವ್ ಅಲುಗಿದ ಕ್ಷಣದಿಂದ ಹಿಡಿದರೆ ಒಂದು ಸಂಖ್ಯೆ, ಸುಮಾರು ಒಂದು ಮಿಲಿಮೀಟರ್ ಎದ್ದ ಮೇಲೆ ಹಿಡಿದರೆ ಅದಕ್ಕಿಂತ ಚಿಕ್ಕ ಸಂಖ್ಯೆ. ಎರಡು ಕ್ಯಾಮ್‌ಗಳನ್ನು ಹೋಲಿಸುವಾಗ ಎರಡನ್ನೂ ಒಂದೇ ರೀತಿ ಅಳೆದಿರಬೇಕು.

ಮೂರನೆಯದು ಓವರ್‌ಲ್ಯಾಪ್. ಹೊಗೆ ಹೋಗುವ ವಾಲ್ವ್ ಮುಚ್ಚುವ ಮೊದಲೇ ಒಳವಾಲ್ವ್ ತೆರೆದು, ಎರಡೂ ಒಟ್ಟಿಗೆ ತೆರೆದಿರುವ ಅವಧಿ ಇದು. ಮೇಲಿನ ಉದಾಹರಣೆಯಲ್ಲಿ ಹೊರವಾಲ್ವ್ ಮೇಲ್ತುದಿ ದಾಟಿದ 10 ಡಿಗ್ರಿಗೆ ಮುಚ್ಚಿದರೆ ಓವರ್‌ಲ್ಯಾಪ್ 20 ಡಿಗ್ರಿ. ಎಂಜಿನ್ ಜೋರಾಗಿ ತಿರುಗುವಾಗ ಹೊರಹೋಗುವ ಹೊಗೆ ಹೊಸ ಗಾಳಿಯನ್ನು ತನ್ನ ಹಿಂದೆ ಸೆಳೆದುಕೊಳ್ಳುವುದರಿಂದ ಇದು ಲಾಭ. ನಿಧಾನಕ್ಕೆ ತಿರುಗುವಾಗ ಅದೇ ಹೊಗೆ ಹಿಂದಕ್ಕೆ ನುಗ್ಗಿ ಹೊಸ ಗಾಳಿಯನ್ನು ಕೆಡಿಸುತ್ತದೆ. ಓವರ್‌ಲ್ಯಾಪ್ ದೊಡ್ಡದಿರುವ ಬೈಕು ನಿಂತಲ್ಲಿ ಕುಂಟುತ್ತಾ ಸದ್ದು ಮಾಡುವುದು ಈ ಕಾರಣಕ್ಕೆ. ಆ ಸದ್ದು ಕೆಲವರಿಗೆ ಇಷ್ಟ. ಆದರೆ ಅದು ಕಡಿಮೆ ವೇಗದಲ್ಲಿ ಎಂಜಿನ್ ಸರಿಯಾಗಿ ಉಸಿರಾಡುತ್ತಿಲ್ಲ ಎಂಬುದರ ಗುರುತು.

ಎಲ್ಲಕ್ಕಿಂತ ಮುಖ್ಯವಾದದ್ದು ಒಳವಾಲ್ವ್ ಮುಚ್ಚುವ ಹೊತ್ತು. ಕಾಲುವೆಯ ನೀರನ್ನು ಗದ್ದೆಗೆ ಬಿಟ್ಟ ರೈತ ಬದುವಿನ ಬಾಯಿ ಮುಚ್ಚುವ ಹೊತ್ತನ್ನು ನೀರಿನ ರಭಸ ನೋಡಿ ತೀರ್ಮಾನಿಸುತ್ತಾನೆ. ರಭಸವಿದ್ದರೆ ತಡವಾಗಿ ಮುಚ್ಚಿದಷ್ಟೂ ನೀರು ಬರುತ್ತದೆ. ರಭಸ ತಗ್ಗಿದ್ದರೆ ತುಂಬಿದ ನೀರೇ ಹಿಂದಕ್ಕೆ ಹರಿಯುತ್ತದೆ. ಎಂಜಿನ್ನಿನಲ್ಲಿ ಆಗುವುದೂ ಇದೇ. ಸುತ್ತು ಹೆಚ್ಚಿದ್ದಾಗ ನುಗ್ಗಿ ಬರುವ ಗಾಳಿ, ಪಿಸ್ಟನ್ ಮೇಲೇರತೊಡಗಿದರೂ ತನ್ನ ವೇಗದಿಂದಲೇ ಸಿಲಿಂಡರನ್ನು ತುಂಬುತ್ತದೆ. ಸುತ್ತು ಕಡಿಮೆಯಿದ್ದಾಗ ಪಿಸ್ಟನ್ ಅದನ್ನು ಬಂದ ದಾರಿಯಲ್ಲೇ ಹೊರದಬ್ಬುತ್ತದೆ. ಹೀಗಾಗಿ ತಡವಾಗಿ ಮುಚ್ಚುವ ಕ್ಯಾಮ್ ಓಟದ ಬೈಕಿಗೆ, ಬೇಗ ಮುಚ್ಚುವ ಕ್ಯಾಮ್ ಎಳೆತದ ಬೈಕಿಗೆ.

ಎಳೆತವೋ, ಓಟವೋ

ಮೀಟಿಯರ್ 350ರ ಅಂಕಿಗಳು ಇದನ್ನು ತೋರಿಸುತ್ತವೆ. ಅದರ 349 ಸಿಸಿ ಎಂಜಿನ್ನಿನ ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಬಲ, 4,000 ಸುತ್ತಿನಲ್ಲಿ 27 ನ್ಯೂಟನ್ ಮೀಟರ್. ಗರಿಷ್ಠ ಶಕ್ತಿ 6,100 ಸುತ್ತಿನಲ್ಲಿ 20.2 ಅಶ್ವಶಕ್ತಿ. ಟಾರ್ಕ್ ಮತ್ತು ಸುತ್ತುಗಳ ಗುಣಲಬ್ಧವೇ ಶಕ್ತಿಯಾದ್ದರಿಂದ, 4,000 ಸುತ್ತಿನಲ್ಲಿ ಈ ಎಂಜಿನ್ ಕೊಡುವುದು ಸುಮಾರು 15 ಅಶ್ವಶಕ್ತಿ. 6,100ಕ್ಕೆ ಬರುವಾಗ ಟಾರ್ಕ್ ಸುಮಾರು 23.6ಕ್ಕೆ ಇಳಿದಿರುತ್ತದೆ, ಆದರೂ ಸುತ್ತು ಹೆಚ್ಚಿದ್ದರಿಂದ ಶಕ್ತಿ ಏರಿರುತ್ತದೆ. ಓಟದ ಕ್ಯಾಮ್ ಹಾಕಿದರೆ ಟಾರ್ಕಿನ ಶಿಖರ ಮೇಲಿನ ಸುತ್ತುಗಳ ಕಡೆ ಸರಿಯುತ್ತದೆ. ಕಾಗದದ ಮೇಲೆ ಅಶ್ವಶಕ್ತಿ ಹೆಚ್ಚುತ್ತದೆ; ಸವಾರ ದಿನವೂ ಬಳಸುವ ಕೆಳಗಿನ ಸುತ್ತುಗಳಲ್ಲಿ ಪಿಕಪ್ ತಗ್ಗುತ್ತದೆ.

ಆದ್ದರಿಂದ ಆಯ್ಕೆ ಶುರುವಾಗಬೇಕಾದದ್ದು ರಸ್ತೆಯಿಂದ. ಯಾದಗಿರಿ ಜಿಲ್ಲೆಯ ದೋರನಹಳ್ಳಿಯ ಸವಾರನನ್ನೇ ತೆಗೆದುಕೊಳ್ಳಬಹುದು. ಶಹಾಪುರಕ್ಕೋ, ಭೀಮಾ ಸೇತುವೆ ದಾಟಿ ಯಾದಗಿರಿಗೋ ಹೋಗುವ ದಾರಿಯಲ್ಲಿ ಹತ್ತಿ ತುಂಬಿದ ಟ್ರ್ಯಾಕ್ಟರು, ಎತ್ತಿನ ಬಂಡಿ, ಊರೂರಿಗೆ ಹಂಪು. ಹಿಂದೆ ಒಬ್ಬರು ಕೂತಿರುತ್ತಾರೆ, ಜೊತೆಗೆ ಚೀಲವೂ ಇರುತ್ತದೆ. ಎಂಜಿನ್ ಹೆಚ್ಚು ಹೊತ್ತು ಮಧ್ಯಮ ಸುತ್ತುಗಳಲ್ಲೇ ದುಡಿಯುತ್ತದೆ. ಇಂಥ ಬಳಕೆಗೆ ಕಂಪನಿಯ ಕ್ಯಾಮ್‌ಗಿಂತ ಡ್ಯುರೇಶನ್ ಹೆಚ್ಚೇನೂ ಬೆಳೆಯದ, ಲಿಫ್ಟ್ ಸ್ವಲ್ಪ ಹೆಚ್ಚಿರುವ, ಓವರ್‌ಲ್ಯಾಪ್ ಚಿಕ್ಕದಿರುವ ಕ್ಯಾಮ್ ಒಪ್ಪುತ್ತದೆ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡಿಸುವವರಿಗೆ ಇದಕ್ಕಿಂತ ಒಂದು ಹೆಜ್ಜೆ ಮುಂದಿನದು ಸಾಕು. 6,000 ಸುತ್ತಿನ ಮೇಲೆ ಜೀವ ಪಡೆಯುವ ಕ್ಯಾಮ್ ಕ್ರೂಸರಿಗೆ ಸಲ್ಲದು.

ಯಾದಗಿರಿ ಸೀಮೆಯ ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಇಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. 25 ಡಿಗ್ರಿಯ ಗಾಳಿಗಿಂತ 42 ಡಿಗ್ರಿಯ ಗಾಳಿ ಶೇ. 5ರಷ್ಟು ತೆಳುವಾದ್ದರಿಂದ ಎಂಜಿನ್ನಿನ ಶಕ್ತಿ ತಾನಾಗಿಯೇ ಕುಗ್ಗುತ್ತದೆ. ಇನ್ನೊಂದು ಅಪಾಯವೂ ಇದೆ. ಒಳವಾಲ್ವ್ ಬೇಗ ಮುಚ್ಚುವ ಕ್ಯಾಮ್ ಹಾಕಿದರೆ ಸಿಲಿಂಡರಿನಲ್ಲಿ ಒತ್ತಡ ಏರಿ ಎಳೆತ ಹೆಚ್ಚುತ್ತದೆ. ಗಾಳಿಯಿಂದಲೇ ತಣಿಯುವ ಎಂಜಿನ್ ಮಧ್ಯಾಹ್ನದ ಬಿಸಿಲಿನಲ್ಲಿ ಭಾರ ಎಳೆಯುವಾಗ ಅದೇ ಒತ್ತಡದಿಂದ ಟಕಟಕ ಬಡಿಯತೊಡಗುತ್ತದೆ. ಆ ಬಡಿತ ಮುಂದುವರಿದರೆ ಪಿಸ್ಟನ್ ಹಾಳಾಗುತ್ತದೆ. ಹಾಗಾಗಿ ಎಳೆತದ ಕ್ಯಾಮಿನಲ್ಲೂ ಮಿತಿ ಬೇಕು.

ಜೊತೆಗೆ ಬದಲಾಗುವ ಭಾಗಗಳು

ಕೆಲವು ಕ್ಯಾಮ್‌ಗಳನ್ನು ಕಂಪನಿಯ ಸ್ಪ್ರಿಂಗು, ಪಿಸ್ಟನ್ನುಗಳ ಜೊತೆಗೇ ಹಾಕಬಹುದು. ಲಿಫ್ಟ್ ಹೆಚ್ಚಾದಂತೆ ಇದು ಸಾಧ್ಯವಾಗುವುದಿಲ್ಲ. ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗುವಷ್ಟು ಒತ್ತಿದರೆ ಏನಾದರೊಂದು ಮುರಿಯುತ್ತದೆ. ಸ್ಪ್ರಿಂಗು ದುರ್ಬಲವಿದ್ದರೆ ವೇಗದಲ್ಲಿ ವಾಲ್ವ್ ಸಮಯಕ್ಕೆ ಮುಚ್ಚದೆ ತೇಲುತ್ತದೆ. ವಾಲ್ವ್ ಮತ್ತು ಪಿಸ್ಟನ್ ಅತಿ ಹತ್ತಿರ ಬರುವ ಜಾಗದಲ್ಲಿ ಒಳವಾಲ್ವಿಗೆ ಸುಮಾರು 2 ಮಿಲಿಮೀಟರ್, ಹೊರವಾಲ್ವಿಗೆ ಸುಮಾರು 2.5 ಮಿಲಿಮೀಟರ್ ಅಂತರ ಉಳಿಯಬೇಕೆಂಬುದು ರೂಢಿಯ ಲೆಕ್ಕ. ಪಿಸ್ಟನ್ ಮೇಲೆ ಮೆತ್ತನೆಯ ಜೇಡಿಮಣ್ಣು ಇಟ್ಟು, ಎಂಜಿನ್ನನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಮಣ್ಣಿನ ಮೇಲೆ ಬಿದ್ದ ಅಚ್ಚಿನ ದಪ್ಪ ಅಳೆದರೆ ಇದು ತಿಳಿಯುತ್ತದೆ. ಪುಶ್‌ರಾಡ್ ಎಂಜಿನ್ನಿನಲ್ಲಿ ರಾಡಿನ ಉದ್ದವನ್ನೂ ಹೊಂದಿಸಬೇಕು.

ಕಾರ್ಬುರೇಟರ್ ಇದ್ದ ಬೈಕಿನಲ್ಲಿ ಜೆಟ್ ಬದಲಿಸಿದರೆ ಪೆಟ್ರೋಲಿನ ಹದ ಸಿಗುತ್ತದೆ. 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್ 6 ನಿಯಮದ ಬೈಕುಗಳಲ್ಲಿ ಪೆಟ್ರೋಲನ್ನು ಅಳೆದು ಸಿಂಪಡಿಸುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರ್. ಅದರ ಲೆಕ್ಕಾಚಾರ ಕಂಪನಿಯ ಕ್ಯಾಮ್‌ಗೆ ಬರೆದದ್ದು. ಕ್ಯಾಮ್ ಬದಲಾದರೆ ಆ ಲೆಕ್ಕವನ್ನೂ ತಿದ್ದಿಸಬೇಕು, ಇಲ್ಲದಿದ್ದರೆ ಎಂಜಿನ್ ಕಾಯುತ್ತದೆ, ಮೈಲೇಜೂ ಬೀಳುತ್ತದೆ.

ಹೊಸ ಕ್ಯಾಮ್ ಕೂರಿಸುವಾಗ ಉಬ್ಬುಗಳಿಗೆ ಜೋಡಣೆಯ ಎಣ್ಣೆ ಸವರಬೇಕು, ಟೈಮಿಂಗ್ ಗುರುತುಗಳನ್ನು ಎರಡೆರಡು ಸಲ ನೋಡಬೇಕು. ಒಂದು ಹಲ್ಲು ತಪ್ಪಿದರೂ ವಾಲ್ವ್ ಬಾಗಬಹುದು. ಕ್ಯಾಮ್ ಉಬ್ಬಿನ ಮೇಲೆ ಉಜ್ಜಿಕೊಂಡು ಕೆಲಸ ಮಾಡುವ ಟ್ಯಾಪೆಟ್ಟಿನ ಎಂಜಿನ್ನಿಗೆ ಹೊಸ ಕ್ಯಾಮ್ ಜೊತೆ ಹೊಸ ಟ್ಯಾಪೆಟ್ಟೇ ಬೇಕು. ಹಳೆಯದು ಹೊಸ ಉಬ್ಬನ್ನು ತಿಂದುಹಾಕುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಎಣ್ಣೆ ಬದಲಿಸಿ, ಟ್ಯಾಪೆಟ್ ಸಂದು ಮತ್ತೆ ಅಳೆಯುವುದು ಒಳ್ಳೆಯದು.

ಕಾನೂನು ಮತ್ತು ಕೊನೆಯ ತೀರ್ಮಾನ

ನೋಂದಣಿ ಪತ್ರದ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಓವರ್‌ಲ್ಯಾಪ್ ದೊಡ್ಡದಾದರೆ ಸುಡದ ಪೆಟ್ರೋಲು ಹೊಗೆಯ ಜೊತೆ ಹೊರಬೀಳುವುದರಿಂದ ಹೊಗೆ ತಪಾಸಣೆಯಲ್ಲಿ ಗಾಡಿ ಸೋಲಬಹುದು. ವಾರಂಟಿ ಇರುವ ಎಂಜಿನ್ ಬಿಚ್ಚಿದರೆ ಆ ಭರವಸೆ ಕೈತಪ್ಪುವ ಸಂಭವವೂ ಇದೆ. ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ ಮುಂದುವರಿಯುವುದು ಕ್ಷೇಮ.

ಕ್ಯಾಮ್ ಕೊಳ್ಳುವ ಮುನ್ನ ಒಂದು ವಾರ ತಾನು ಯಾವ ವೇಗದಲ್ಲಿ, ಯಾವ ಗೇರಿನಲ್ಲಿ, ಎಷ್ಟು ಭಾರ ಹೊತ್ತು ಓಡಿಸುತ್ತಿದ್ದೇನೆ ಎಂದು ಸವಾರ ಬರೆದಿಡಬೇಕು. ನಂತರ ಏರ್ ಫಿಲ್ಟರ್, ಪ್ಲಗ್, ಟ್ಯಾಪೆಟ್ ಸಂದು, ಚೈನು ಸರಿಯಿವೆಯೇ ಎಂದು ನೋಡಬೇಕು. ಪಿಕಪ್ ಸಾಲದೆಂಬ ದೂರು ಹಲವು ಸಲ ಇಲ್ಲಿಗೇ ಮುಗಿಯುತ್ತದೆ. ಆಮೇಲೂ ಕ್ಯಾಮ್ ಬೇಕೆನಿಸಿ, ಎರಡು ಕ್ಯಾಮ್‌ಗಳ ನಡುವೆ ಗೊಂದಲವಾದರೆ ಸಣ್ಣದನ್ನೇ ಆರಿಸಬೇಕು.